ಮಿತ ಖರ್ಚಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಕಂಪ್ಯೂಟರ್: ಬಿಡಿಭಾಗಗಳನ್ನು ಆರಿಸಿಕೊಳ್ಳುವ ಕ್ರಮ

ಫ್ಲೈಟ್ ಸಿಮ್ಯುಲೇಟರ್‌ಗೆಂದು ಹೊಸ ಕಂಪ್ಯೂಟರ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಆರಿಸಿ, ಉಳಿದ ಹಣದಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್‌ಗಳನ್ನು ಹೊಂದಿಸಿಕೊಳ್ಳುತ್ತಾರೆ. ಬೇರೆ ಬಹುತೇಕ ಆಟಗಳಿಗೆ ಈ ಕ್ರಮ ಸರಿಯಾಗಿಯೇ ಇದೆ, ಆದರೆ ಹಾರಾಟದ ಸಿಮ್ಯುಲೇಟರ್‌ಗೆ ಹೊಂದುವುದಿಲ್ಲ. ನಾನು ಮೊದಲ ಸಲ ಕಂಪ್ಯೂಟರ್ ಜೋಡಿಸಿದಾಗ ಇದೇ ಕ್ರಮವನ್ನು ಅನುಸರಿಸಿದ್ದೆ. 35 ಸಾವಿರ ಅಡಿ ಎತ್ತರದಲ್ಲಿ, ಮೋಡಗಳ ಮೇಲೆ, ವಿಮಾನ ನುಣುಪಾಗಿ ಸಾಗುತ್ತಿತ್ತು. ದೊಡ್ಡ ನಿಲ್ದಾಣವೊಂದರ ರನ್‌ವೇ ಇನ್ನು ನಾಲ್ಕೈದು ಮೈಲಿ ದೂರವಿದೆ ಎನ್ನುವಾಗ ಚಿತ್ರ ತಡೆತಡೆದು ಚಲಿಸತೊಡಗಿತು. ನೆಲಕ್ಕೆ 50 ಅಡಿ ಇದ್ದು, ವಿಮಾನದ ಮೂತಿಯನ್ನು ಮೆಲ್ಲಗೆ ಎತ್ತಬೇಕಾದ ಆ ಎರಡು ಮೂರು ಸೆಕೆಂಡುಗಳಲ್ಲಿ, ಕೈ ಜಾಯ್‌ಸ್ಟಿಕ್ ಎಳೆದದ್ದಕ್ಕೂ ಪರದೆ ಅದನ್ನು ತೋರಿಸಿದ್ದಕ್ಕೂ ನಡುವೆ ಎದ್ದು ಕಾಣುವಷ್ಟು ಅಂತರವಿತ್ತು. ಆ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತನ್ನ ಸಾಮರ್ಥ್ಯದ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ಪ್ರೊಸೆಸರ್ ಕೆಲಸ ಮುಗಿಸಲೆಂದು ಕಾಯುತ್ತಿತ್ತು.

ಇದಕ್ಕೆ ಕಾರಣ ಸರಳವಾಗಿದೆ. ಸಿಮ್ಯುಲೇಟರ್ ಪ್ರತಿಯೊಂದು ಫ್ರೇಮ್‌ಗೂ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ರೆಕ್ಕೆಯ ಮೇಲಿನ ಗಾಳಿಯ ಬಲ, ಎಂಜಿನ್ನಿನ ಸ್ಥಿತಿ, ಆಟೋಪೈಲಟ್, ಕಾಕ್‌ಪಿಟ್ಟಿನ ಪರದೆಗಳು, ಸುತ್ತಲಿನ ಇತರ ವಿಮಾನಗಳು ಮತ್ತು ಹವಾಮಾನ ಎಲ್ಲವನ್ನೂ ಲೆಕ್ಕ ಹಾಕಬೇಕು. ಅದಾದ ಮೇಲೆ ಏನೇನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಈ ಕೆಲಸದ ದೊಡ್ಡ ಪಾಲು ಒಂದರ ಹಿಂದೊಂದು ನಡೆಯಬೇಕಾದದ್ದಾದ್ದರಿಂದ, ಅದು ಪ್ರೊಸೆಸರ್‌ನ ಒಂದೇ ಥ್ರೆಡ್ಡಿನ (ಕೆಲಸದ ಒಂದು ಸಾಲಿನ) ಮೇಲೆ ಬೀಳುತ್ತದೆ. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಆ ಥ್ರೆಡ್ಡಿಗೆ ಸಿಗುವ ಸಮಯ 33.3 ಮಿಲಿಸೆಕೆಂಡ್, 60 ಫ್ರೇಮ್ ಬೇಕಾದರೆ 16.7 ಮಿಲಿಸೆಕೆಂಡ್. ಖಾಲಿ ಆಕಾಶದಲ್ಲಿ ಇಷ್ಟು ಸಮಯ ಧಾರಾಳವಾಗಿ ಸಾಕು. ಕಟ್ಟಡಗಳು, ನಿಂತ ವಿಮಾನಗಳು, ದೀಪಗಳು, ವಾಹನಗಳು ಕಿಕ್ಕಿರಿದ ನಿಲ್ದಾಣದ ಹತ್ತಿರ ಸಾಲುವುದಿಲ್ಲ. ಕಂಪ್ಯೂಟರ್‌ಗೆ ಅತ್ಯಂತ ಕಷ್ಟವಾಗುವ ಘಳಿಗೆಯೂ ಪೈಲಟ್‌ಗೆ ಅತ್ಯಂತ ಸೂಕ್ಷ್ಮವಾದ ಘಳಿಗೆಯೂ ಒಂದೇ ಆಗಿರುವುದರಿಂದ, ಬಿಡಿಭಾಗಗಳನ್ನು ಇಳಿಯುವ ಹೊತ್ತನ್ನು ಲೆಕ್ಕದಲ್ಲಿಟ್ಟು ಆರಿಸಬೇಕೇ ಹೊರತು ಮೇಲೆ ಹಾರುವ ಹೊತ್ತನ್ನಲ್ಲ. ಕೆಳಗಿನ ಎಲ್ಲ ಸಲಹೆಗಳೂ ಈ ಮಾತಿನಿಂದಲೇ ಹೊರಟಿವೆ.

ಮೊದಲ ಹೆಜ್ಜೆ: ಯಾವ ಸಿಮ್ಯುಲೇಟರ್, ಯಾವ ಪರದೆ ಎಂದು ನಿರ್ಧರಿಸಿ

ಸಿಮ್ಯುಲೇಟರ್‌ಗಳ ಹಸಿವು ಒಂದೇ ಬಗೆಯದಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಮತ್ತು 150 ಜಿಬಿ ಡಿಸ್ಕ್ ಜಾಗ ಬೇಕೆಂದು ತಯಾರಕರು ಹೇಳಿದ್ದರು. 2024ರ ನವೆಂಬರಿನಲ್ಲಿ ಬಂದ ಮುಂದಿನ ಆವೃತ್ತಿಗೆ ಕನಿಷ್ಠ ರ್‍ಯಾಮ್ 16 ಜಿಬಿಗೆ ಏರಿತು, ಡಿಸ್ಕ್ ಜಾಗ ಮಾತ್ರ 50 ಜಿಬಿಗೆ ಇಳಿಯಿತು. ಭೂದೃಶ್ಯದ ಹೆಚ್ಚಿನ ಭಾಗವನ್ನು ಅದು ಹಾರುತ್ತಿರುವಾಗಲೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಅದೇ ಪಟ್ಟಿಯಲ್ಲಿ ಶಿಫಾರಸು ಮಾಡಿದ ಮಟ್ಟಕ್ಕೆ 32 ಜಿಬಿ ರ್‍ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ ಮತ್ತು ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕವನ್ನು ಸೂಚಿಸಲಾಗಿದೆ. ಕನಿಷ್ಠ ಎಂದು ಬರೆದಿರುವುದು ಕಾರ್ಯಕ್ರಮ ತೆರೆದುಕೊಳ್ಳುತ್ತದೆ ಎಂಬುದಕ್ಕೆ ಭರವಸೆಯೇ ವಿನಾ ಸುಖವಾಗಿ ಹಾರಬಹುದು ಎಂಬುದಕ್ಕಲ್ಲ. ನಿಮ್ಮ ಗುರಿ ಶಿಫಾರಸಿನ ಸಾಲಾಗಿರಲಿ.

ಎಕ್ಸ್‌-ಪ್ಲೇನ್ 12 ಭೂದೃಶ್ಯವನ್ನು ಡಿಸ್ಕ್‌ನಲ್ಲಿಯೇ ಇಟ್ಟುಕೊಳ್ಳುತ್ತದೆ, ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ಬೆಂಬಲಿಸುವ ಕಾರ್ಡನ್ನು ಬೇಡುತ್ತದೆ ಮತ್ತು ವಿಂಡೋಸ್ ಅಲ್ಲದೆ ಲಿನಕ್ಸ್‌ನಲ್ಲಿಯೂ ನೇರವಾಗಿ ನಡೆಯುತ್ತದೆ. ಯುದ್ಧವಿಮಾನಗಳ ಡಿಸಿಎಸ್ ವರ್ಲ್ಡ್ ನಕ್ಷೆಗಳನ್ನು ಸೇರಿಸಿದಷ್ಟೂ ಉಬ್ಬುತ್ತಾ ಹೋಗುತ್ತದೆ. ಫ್ಲೈಟ್‌ಗೇರ್ ಪೂರ್ತಿ ಉಚಿತವಾದ ಮುಕ್ತ ತಂತ್ರಾಂಶವಾಗಿದ್ದು, ಹಳೆಯ ಯಂತ್ರಗಳಲ್ಲಿಯೂ ಹೊಂದಿಕೊಂಡು ಹೋಗುತ್ತದೆ. ಎಕ್ಸ್‌-ಪ್ಲೇನ್‌ಗೆ ಉಚಿತ ಮಾದರಿ ಆವೃತ್ತಿಯಿದೆ. ಡಿಸಿಎಸ್ ವರ್ಲ್ಡ್ ಕೂಡ ಎಸ್‌ಯು-25ಟಿ ಮತ್ತು ಟಿಎಫ್‌-51ಡಿ ಎಂಬ ಎರಡು ವಿಮಾನಗಳೊಂದಿಗೆ ಉಚಿತವಾಗಿ ಸಿಗುತ್ತದೆ. ಹಣ ಖರ್ಚು ಮಾಡುವ ಮೊದಲು ಇವನ್ನು ಇರುವ ಕಂಪ್ಯೂಟರಿನಲ್ಲಿಯೇ ಹಾಕಿ ನೋಡಿ.

ಪರದೆಯ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಗಮನದಲ್ಲಿರಲಿ. 1920×1080ರ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕಿಗಳಿವೆ. 2560×1440ರಲ್ಲಿ 36 ಲಕ್ಷ 86 ಸಾವಿರ. 4ಕೆ ಪರದೆಯಲ್ಲಿ 82 ಲಕ್ಷ 94 ಸಾವಿರ. ಪರದೆ ದೊಡ್ಡದಾದಂತೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಬೆಳೆಯುತ್ತದೆ, ಆದರೆ ಪ್ರೊಸೆಸರ್‌ನ ಹೊರೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮಿತ ಹಣದಲ್ಲಿ 1080 ಸಾಲುಗಳ ಪರದೆಯೇ ಸುರಕ್ಷಿತ ಆಯ್ಕೆ. ಕಾಕ್‌ಪಿಟ್ಟಿನ ಸಣ್ಣ ಅಕ್ಷರಗಳನ್ನು ಓದಲು 1440 ಸಾಲುಗಳ ಪರದೆ ನಿಜಕ್ಕೂ ಹಿತವಾಗಿರುತ್ತದೆ, ಆದರೆ ಅದಕ್ಕೆ ತಕ್ಕ ಕಾರ್ಡ್ ಬೇಕು. ವಿಆರ್ ಕನ್ನಡಕದ ಆಸೆಯಿದ್ದರೆ ಅದನ್ನು ಈ ಸಲದ ಲೆಕ್ಕದಿಂದ ಹೊರಗಿಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಇರುವ ಯಂತ್ರವನ್ನು ಪರೀಕ್ಷಿಸಿ

ನಿಮ್ಮ ಬಳಿ ಈಗಾಗಲೇ ಒಂದು ಡೆಸ್ಕ್‌ಟಾಪ್ ಇದ್ದರೆ, ಅದರಲ್ಲಿ ಯಾವ ಭಾಗ ಸೋಲುತ್ತಿದೆ ಎಂದು ಕಂಡುಕೊಂಡು ಆ ಒಂದನ್ನೇ ಬದಲಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಮೈಕ್ರೋಸಾಫ್ಟ್‌ನ ಸಿಮ್ಯುಲೇಟರ್‌ನಲ್ಲಿ ಡೆವಲಪರ್ ಮೋಡ್ ತೆರೆದು ಫ್ರೇಮ್ ಲೆಕ್ಕವನ್ನು ತೋರಿಸುವ ಆಯ್ಕೆಯನ್ನು ಆನ್ ಮಾಡಿದರೆ, ಸದ್ಯ ತಡೆಯೊಡ್ಡುತ್ತಿರುವುದು ಪ್ರೊಸೆಸರ್‌ನ ಮುಖ್ಯ ಥ್ರೆಡ್ಡೋ ಗ್ರಾಫಿಕ್ಸ್ ಕಾರ್ಡೋ ಎಂದು ಅದೇ ಬರೆದು ತೋರಿಸುತ್ತದೆ. ಎಕ್ಸ್‌-ಪ್ಲೇನ್‌ನಲ್ಲಿ ಡೇಟಾ ಔಟ್‌ಪುಟ್ ಪುಟದ ಫ್ರೇಮ್ ರೇಟ್ ಸಾಲನ್ನು ಗುರುತು ಮಾಡಿದರೆ ಎರಡರ ಸಮಯವೂ ಬೇರೆಬೇರೆಯಾಗಿ ಕಾಣುತ್ತದೆ. ಇವೆರಡೂ ಇಲ್ಲದಿದ್ದರೆ, ಜನಜಂಗುಳಿಯ ನಿಲ್ದಾಣವೊಂದರಲ್ಲಿ ವಿಮಾನವನ್ನು ನಿಲ್ಲಿಸಿ, ರೆಸಲ್ಯೂಷನ್ನನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ಕಾರ್ಡ್ ಸೋಲುತ್ತಿತ್ತು ಎಂದರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸೋಲುತ್ತಿದೆ.

ಇಲ್ಲಿ ಅನೇಕರು ಟಾಸ್ಕ್ ಮ್ಯಾನೇಜರ್ ನೋಡಿ ಮೋಸಹೋಗುತ್ತಾರೆ. ಪ್ರೊಸೆಸರ್ ಬಳಕೆ ಶೇಕಡಾ 25 ಎಂದು ತೋರಿಸುತ್ತಿದೆ, ಹಾಗಾಗಿ ಅದಕ್ಕೆ ಇನ್ನೂ ಬಿಡುವಿದೆ ಎಂದುಕೊಳ್ಳುತ್ತಾರೆ. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ಡಿನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡಾ 8ರಷ್ಟು ಮಾತ್ರ. ಆ ಒಟ್ಟು ಅಂಕಿಯನ್ನು ನಂಬಿ ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೆ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಮೂರನೆಯ ಹೆಜ್ಜೆ: ಪ್ರೊಸೆಸರ್

ಒಟ್ಟು ಹಣದಲ್ಲಿ ಅತಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಬಹುದು. ಆದರೆ ಮೊದಲು ತೀರ್ಮಾನವಾಗಬೇಕಾದದ್ದು ಪ್ರೊಸೆಸರ್. ಇದರಲ್ಲಿ ನೋಡಬೇಕಾದ ಗುಣಗಳು ಮೂರು: ಒಂದೊಂದು ಕೋರಿನ ವೇಗ, ಎಲ್3 ಕ್ಯಾಶ್‌ನ ಗಾತ್ರ ಮತ್ತು ಕನಿಷ್ಠ ಆರು ಕೋರುಗಳು. ಆರಕ್ಕಿಂತ ಕಡಿಮೆಯಾದರೆ ಹಿನ್ನೆಲೆಯ ಕೆಲಸಗಳು ಮುಖ್ಯ ಥ್ರೆಡ್ಡಿನ ಜಾಗವನ್ನು ಕಸಿಯುತ್ತವೆ. ಎಂಟಕ್ಕಿಂತ ಹೆಚ್ಚಾದ ಕೋರುಗಳಿಂದ ಹಾರಾಟಕ್ಕೆ ಸಿಗುವ ಲಾಭ ಅಲ್ಪ, ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಕ್ಯಾಶ್‌ನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಾರಾಟಕ್ಕೆ ಪ್ರೊಸೆಸರ್ ಆರಿಸುವವರಿಗೆ ಇಷ್ಟು ಉಪಯೋಗಕ್ಕೆ ಬರುವ ಅಂಕಿ ಬೇರೊಂದಿಲ್ಲ. ಕ್ಯಾಶ್ ಎಂದರೆ ಪ್ರೊಸೆಸರ್ ತನ್ನ ಕೈಗೆಟುಕುವಂತೆ ಇಟ್ಟುಕೊಳ್ಳುವ ಸಣ್ಣ ಮೆಮೊರಿ. ಬೇಕಾದ ಮಾಹಿತಿ ಅಲ್ಲಿದ್ದರೆ ತಕ್ಷಣ ಸಿಗುತ್ತದೆ. ಇಲ್ಲದಿದ್ದರೆ ರ್‍ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಸುಮ್ಮನೆ ನಿಂತಿರುತ್ತದೆ. ಸಿಮ್ಯುಲೇಟರ್ ಪ್ರತಿ ಫ್ರೇಮ್‌ನಲ್ಲಿಯೂ ಸಾವಿರಾರು ಚದುರಿದ ವಸ್ತುಗಳ ಮಾಹಿತಿಯನ್ನು ಕೆದಕುವುದರಿಂದ ಇಂಥ ಓಡಾಟ ಅದರಲ್ಲಿ ಬಹಳ. ಎಎಂಡಿಯ ರೈಜನ್ 7 5800ಎಕ್ಸ್‌3ಡಿ ಎಂಬ ಪ್ರೊಸೆಸರ್ 2022ರಲ್ಲಿ ಬಂದಾಗ ಇದು ಎದ್ದು ಕಂಡಿತು. ಅದರಲ್ಲಿ 32 ಎಂಬಿ ಕ್ಯಾಶ್‌ನ ಮೇಲೆ ಇನ್ನೂ 64 ಎಂಬಿಯ ಪದರವೊಂದನ್ನು ಕೂರಿಸಿ ಒಟ್ಟು 96 ಎಂಬಿ ಮಾಡಿದ್ದರು. ಗರಿಷ್ಠ ವೇಗ ಈ ಪದರವಿಲ್ಲದ 5800ಎಕ್ಸ್‌ಗಿಂತ ಕಡಿಮೆ, 4.7ರ ಬದಲು 4.5 ಗಿಗಾಹರ್ಟ್ಸ್, ಹಾಗಿದ್ದರೂ ಹಾರಾಟದ ಸಿಮ್ಯುಲೇಟರ್‌ಗಳಲ್ಲಿ ಅದು 5800ಎಕ್ಸ್‌ ಅನ್ನು ಸ್ಪಷ್ಟವಾಗಿ ಹಿಂದೆ ಹಾಕಿತು.

ಹಾಗೆಂದು ಎಲ್ಲರೂ ಇಂಥ ಹೆಚ್ಚುವರಿ ಕ್ಯಾಶ್‌ನ ಎಕ್ಸ್‌3ಡಿ ಪ್ರೊಸೆಸರ್ ಕೊಳ್ಳಬೇಕಾಗಿಲ್ಲ. ಹಣ ತೀರಾ ಬಿಗಿಯಾಗಿದ್ದರೆ ರೈಜನ್ 5 5600 ಅಥವಾ ಇಂಟೆಲ್ ಕೋರ್ ಐ5-12400ಎಫ್ ಉತ್ತಮ ಆರಂಭ. ಎರಡರಲ್ಲೂ 6 ಕೋರ್, 12 ಥ್ರೆಡ್ ಇವೆ, ಮೊದಲನೆಯದರಲ್ಲಿ 32 ಎಂಬಿ, ಎರಡನೆಯದರಲ್ಲಿ 18 ಎಂಬಿ ಎಲ್3 ಕ್ಯಾಶ್ ಇದೆ. ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ರೈಜನ್ 5 7600 ಇದೆ. ಅದು ಎಎಂ5 ಎಂಬ ಸಾಕೆಟ್ಟಿನದಾದ್ದರಿಂದ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್), ಮುಂದೆ ಹಣ ಕೂಡಿದಾಗ ಅದೇ ಮದರ್‌ಬೋರ್ಡಿನಲ್ಲಿ 7800ಎಕ್ಸ್‌3ಡಿಯಂಥ 96 ಎಂಬಿ ಕ್ಯಾಶ್‌ನ ಪ್ರೊಸೆಸರ್ ಕೂರಿಸಬಹುದು. ಹೊಸದಾಗಿ ಜೋಡಿಸುವವರಿಗೆ ನನ್ನ ಮೊದಲ ಸಲಹೆ ಈ ದಾರಿಯೇ.

ಹಳೆಯ ಎಎಂ4 ಮದರ್‌ಬೋರ್ಡ್ ಇರುವವರಿಗೆ ಇನ್ನೂ ಒಳ್ಳೆಯ ಅವಕಾಶವಿದೆ. ಬಿ350, ಬಿ450 ಚಿಪ್‌ಸೆಟ್ಟಿನ ಅನೇಕ ಬೋರ್ಡುಗಳು ಬಯೋಸ್ (ಆನ್ ಮಾಡಿದೊಡನೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ 5000 ಸರಣಿಯ ಪ್ರೊಸೆಸರ್‌ಗಳನ್ನು ಒಪ್ಪಿಕೊಳ್ಳುತ್ತವೆ. ಬೋರ್ಡ್ ತಯಾರಕರ ಬೆಂಬಲಪಟ್ಟಿಯಲ್ಲಿ ನಿಮ್ಮ ಮಾದರಿಯ ಹೆಸರನ್ನೂ ಬಯೋಸ್ ಆವೃತ್ತಿಯನ್ನೂ ಖಚಿತಪಡಿಸಿಕೊಂಡು ಒಂದು 5700ಎಕ್ಸ್‌3ಡಿ ಹಾಕಿದರೆ, ರ್‍ಯಾಮ್ ಆಗಲಿ ಬೋರ್ಡ್ ಆಗಲಿ ಬದಲಿಸದೆ ಯಂತ್ರದ ಸ್ವಭಾವವೇ ಬದಲಾಗುತ್ತದೆ. ಹೊಸ ಪ್ರೊಸೆಸರ್ ಕೂರಿಸುವ ಮೊದಲೇ, ಹಳೆಯದು ಕೆಲಸ ಮಾಡುತ್ತಿರುವಾಗಲೇ, ಬಯೋಸ್ ಅಪ್‌ಡೇಟ್ ಮುಗಿಸಿಕೊಳ್ಳಬೇಕು. ಕ್ರಮ ತಪ್ಪಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಒಂದೇ ಬಗೆಯ ಹೆಸರಿನ ಪ್ರೊಸೆಸರ್‌ಗಳ ಒಳಗು ಬೇರೆಬೇರೆ ಇರುತ್ತದೆ. ರೈಜನ್ 5 5600ರಲ್ಲಿ 32 ಎಂಬಿ ಕ್ಯಾಶ್ ಇದ್ದರೆ, 5600ಜಿ ಮತ್ತು 5500ರಲ್ಲಿ ಇರುವುದು 16 ಎಂಬಿ ಮಾತ್ರ. ಅಲ್ಲದೆ ಅವೆರಡೂ, ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್‌ನ ಹಳೆಯ 3.0 ಆವೃತ್ತಿಗೆ ಸೀಮಿತ. ಪೆಟ್ಟಿಗೆಯ ಮೇಲಿನ ಕೋರುಗಳ ಸಂಖ್ಯೆ, ಗಿಗಾಹರ್ಟ್ಸ್ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ತಯಾರಕರ ಪುಟದಲ್ಲಿ ಎಲ್3 ಕ್ಯಾಶ್ ಎಂಬ ಸಾಲನ್ನು ಓದಿಯೇ ಹಣ ಕೊಡಿ.

ನಾಲ್ಕನೆಯ ಹೆಜ್ಜೆ: ರ್‍ಯಾಮ್ ಮತ್ತು ಮದರ್‌ಬೋರ್ಡ್

ಇಂದಿನ ಸಿಮ್ಯುಲೇಟರ್‌ಗಳಿಗೆ 32 ಜಿಬಿ ರ್‍ಯಾಮ್ ಹಿತವಾದ ಅಳತೆ. 16 ಜಿಬಿಯಲ್ಲಿ ಹಾರಲು ಸಾಧ್ಯವಿದೆ. ಆದರೆ ವಿವರವಾದ ವಿಮಾನ, ವಿವರವಾದ ನಿಲ್ದಾಣ, ಪಕ್ಕದಲ್ಲಿ ತೆರೆದಿಟ್ಟ ಬ್ರೌಸರ್ ಎಲ್ಲ ಸೇರಿದಾಗ ವಿಂಡೋಸ್ ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸತೊಡಗುತ್ತದೆ, ಆಗ ಹಾರಾಟದ ನಡುವೆ ಚಿತ್ರ ಕ್ಷಣಕಾಲ ಹೆಪ್ಪುಗಟ್ಟುತ್ತದೆ. ಇರುವ ಹಣದಲ್ಲಿ 16 ಮಾತ್ರ ಸಾಧ್ಯವೆಂದರೆ 8 ಜಿಬಿಯ ಎರಡು ಕಡ್ಡಿಗಳನ್ನೇ ಕೊಳ್ಳಿ. ಒಂದೇ ಕಡ್ಡಿ ಹಾಕಿದರೆ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಬಿದ್ದು, ರ್‍ಯಾಮ್‌ನಿಂದ ಮಾಹಿತಿ ಬರುವ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಹೊಸ ಪೀಳಿಗೆಯ ಡಿಡಿಆರ್5 ಆದರೆ 16 ಜಿಬಿಯ ಎರಡು ಕಡ್ಡಿಗಳಿರಲಿ. ಎಎಂ5 ಬೋರ್ಡುಗಳಲ್ಲಿ ನಾಲ್ಕು ಕಡ್ಡಿ ತುಂಬಿದರೆ ವೇಗವನ್ನು ಇಳಿಸಬೇಕಾಗಿ ಬರುವುದು ಸಾಮಾನ್ಯ. ಎಎಂ4ಕ್ಕೆ 3200 ಅಥವಾ 3600, ಎಎಂ5ಕ್ಕೆ 6000 ವೇಗದ ಕಡ್ಡಿಗಳು ಸರಿಯಾದ ಜೋಡಿ.

ಮದರ್‌ಬೋರ್ಡಿನಲ್ಲಿ ಹಣ ಉಳಿಸಬಹುದು. ಬಿ550, ಬಿ650ರಂಥ ಮಧ್ಯಮ ಚಿಪ್‌ಸೆಟ್ ಸಾಕು. ದುಬಾರಿ ಬೋರ್ಡ್ ಹಾಕಿದ ಮಾತ್ರಕ್ಕೆ ಫ್ರೇಮ್‌ಗಳು ಹೆಚ್ಚುವುದಿಲ್ಲ. ಹಾರಾಟದವರು ವಿಶೇಷವಾಗಿ ನೋಡಬೇಕಾದದ್ದು ಯುಎಸ್‌ಬಿ ಪೋರ್ಟುಗಳನ್ನು. ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ತಲೆಯ ಚಲನೆ ಗುರುತಿಸುವ ವೆಬ್‌ಕ್ಯಾಮ್ ಎಂದು ಎಣಿಸುತ್ತಾ ಹೋದರೆ ಏಳು ಪೋರ್ಟ್ ಖರ್ಚಾಗುತ್ತವೆ. ಹಿಂಬದಿಯಲ್ಲಿ ಕನಿಷ್ಠ ಆರು ಪೋರ್ಟುಗಳಿರುವ ಬೋರ್ಡನ್ನು ಆರಿಸಿ. ಸಾಲದಿದ್ದರೆ ಪ್ರತ್ಯೇಕ ಅಡಾಪ್ಟರ್‌ನಿಂದ ವಿದ್ಯುತ್ ಪಡೆಯುವ ಹಬ್ ಬಳಸಿ.

ಐದನೆಯ ಹೆಜ್ಜೆ: ಗ್ರಾಫಿಕ್ಸ್ ಕಾರ್ಡ್

ಮೋಡಗಳು, ನೆರಳು, ನೀರಿನ ಪ್ರತಿಫಲನ, ರೆಸಲ್ಯೂಷನ್ ಇವೆಲ್ಲ ಕಾರ್ಡಿನ ಹೊಣೆ. 1080 ಸಾಲುಗಳ ಪರದೆಗೆ ರೇಡಿಯಾನ್ ಆರ್‌ಎಕ್ಸ್ 6600, ಜಿಫೋರ್ಸ್ ಆರ್‌ಟಿಎಕ್ಸ್ 3060 ಅಥವಾ 4060ರ ಮಟ್ಟ ಸಾಕು. ಈ ಮಟ್ಟದಲ್ಲಿ ಕಾರ್ಡಿನ ಬಿರುಸಿಗಿಂತ ಅದರ ಮೆಮೊರಿ ಹೆಚ್ಚು ಚಿಂತೆಯ ವಿಷಯ. 8 ಜಿಬಿ ಇರುವ ಕಾರ್ಡಿನಲ್ಲಿ ಭೂದೃಶ್ಯದ ಚಿತ್ರಗಳು ತುಂಬಿ ತುಳುಕಿದಾಗ ಹೆಚ್ಚಾದದ್ದು ರ್‍ಯಾಮ್‌ಗೆ ಸಾಗುತ್ತದೆ, ಆಗ ಫ್ರೇಮ್‌ಗಳು ಮೆಲ್ಲಗೆ ಇಳಿಯುವುದಿಲ್ಲ, ಒಮ್ಮೆಗೇ ಕುಸಿಯುತ್ತವೆ. ವೇಗದ ಪರೀಕ್ಷೆಗಳಲ್ಲಿ 4060 ಮುಂದಿದ್ದರೂ, ಸಿಮ್ಯುಲೇಟರ್‌ಗೆ ಮಾತ್ರ ಬಳಸುವವರು 12 ಜಿಬಿಯ 3060 ಅಥವಾ 12 ಜಿಬಿಯ ಆರ್‌ಎಕ್ಸ್ 6700 ಎಕ್ಸ್‌ಟಿಯನ್ನು ಗಂಭೀರವಾಗಿ ಪರಿಗಣಿಸಬೇಕು. 1440 ಸಾಲುಗಳ ಪರದೆಯಿದ್ದರೆ 12 ಜಿಬಿಗಿಂತ ಕಡಿಮೆ ಬೇಡ. ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡುಗಳು 8 ಜಿಬಿ, 16 ಜಿಬಿ ಎಂದು ಎರಡು ರೂಪದಲ್ಲಿ ಒಂದೇ ಹೆಸರಿನಿಂದ ಮಾರಾಟವಾಗುತ್ತವೆ; ಕೊಳ್ಳುವಾಗ ಇದನ್ನು ಗಮನಿಸಿ, ಸಾಧ್ಯವಾದರೆ 16ರದ್ದನ್ನೇ ತನ್ನಿ.

ಹಳೆಯ ಬೋರ್ಡ್ ಇಟ್ಟುಕೊಂಡು ಕಾರ್ಡನ್ನು ಮಾತ್ರ ಬದಲಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಮತ್ತು ಇಂಟೆಲ್ ಆರ್ಕ್ ಬಿ580 ಕಾರ್ಡುಗಳು ಹದಿನಾರರ ಬದಲು ಎಂಟು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳನ್ನಷ್ಟೇ ಬಳಸುತ್ತವೆ. 4.0 ಬೋರ್ಡಿನಲ್ಲಿ ಇದರಿಂದ ತೊಂದರೆಯಿಲ್ಲ, ಆದರೆ ಬಿ450ರಂಥ 3.0 ಬೋರ್ಡಿನಲ್ಲಿ, ಅದರಲ್ಲೂ ಕಾರ್ಡಿನ ಮೆಮೊರಿ ತುಂಬಿದಾಗ, ಆ ದಾರಿ ಇಕ್ಕಟ್ಟಾಗುತ್ತದೆ. ಬಿ580ಗೆ 12 ಜಿಬಿ ಮೆಮೊರಿ ಇದೆಯೆಂಬುದು ಆಕರ್ಷಕವೇ. ಆದರೆ ಅದರ ಡ್ರೈವರ್ ಪ್ರೊಸೆಸರ್‌ನ ಮೇಲೆ ಹೆಚ್ಚು ಹೊರೆ ಹಾಕುವುದು ಪರೀಕ್ಷೆಗಳಲ್ಲಿ ಕಂಡುಬಂದಿರುವುದರಿಂದ, ಹಳೆಯ ಪ್ರೊಸೆಸರ್ ಇರುವ ಹಾರಾಟದವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ಫ್ರೇಮ್ ಜನರೇಷನ್ ಎಂಬ ಸೌಲಭ್ಯದ ಬಗ್ಗೆ ನನ್ನ ಅಭಿಪ್ರಾಯ ಅನುಕೂಲವಾಗಿಯೇ ಇದೆ. ಇದು ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡೇ ಊಹಿಸಿ ಬಿಡಿಸಿದ ಫ್ರೇಮ್ ಸೇರಿಸುತ್ತದೆ. ಪ್ರೊಸೆಸರ್‌ಗೆ ಹೊಸ ಕೆಲಸ ಹಚ್ಚುವುದಿಲ್ಲವಾದ್ದರಿಂದ, ಪ್ರೊಸೆಸರ್ ಸೋಲುವ ಸಿಮ್ಯುಲೇಟರ್‌ನಲ್ಲಿ ಇದರ ಉಪಯೋಗ ಹೆಚ್ಚು. ಕೈಯ ಚಲನೆಗೆ ಸ್ವಲ್ಪ ವಿಳಂಬ ಸೇರುತ್ತದೆ, ಆದರೆ ಪ್ರಯಾಣಿಕ ವಿಮಾನದಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ. ಮೂಲ ಫ್ರೇಮ್‌ಗಳು 30ರ ಆಸುಪಾಸಿನಲ್ಲಿಯಾದರೂ ಇರಬೇಕು; 15ನ್ನು 30 ಮಾಡಿದರೆ ಅಂಕಿ ಬದಲಾಗುತ್ತದೆ, ಅನುಭವ ಬದಲಾಗುವುದಿಲ್ಲ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳಲ್ಲಿ ಎತ್ತರ ತೋರಿಸುವ ಓಡುವ ಅಂಕಿಗಳು ಮಸುಕಾಗುವುದುಂಟು. ಕಾಕ್‌ಪಿಟ್ಟಿನ ಓದಿಗೆ ತೊಡಕಾಗದ ಮಟ್ಟದಲ್ಲಿ ಅವನ್ನು ಇರಿಸಿಕೊಳ್ಳಿ.

ಆರನೆಯ ಹೆಜ್ಜೆ: ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್

ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯದಾಗಿರಲಿ. ಸೆಕೆಂಡಿಗೆ 3500 ಎಂಬಿ ಓದುವುದಕ್ಕೂ 7000 ಎಂಬಿ ಓದುವುದಕ್ಕೂ ಹಾರಾಟದಲ್ಲಿ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ, ವೇಗದ ಬದಲು ಜಾಗಕ್ಕೆ ಹಣ ಕೊಡಿ.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಹೆಸರಿಲ್ಲದ ಪವರ್ ಸಪ್ಲೈಯೊಂದು ಸಾಗರದ ಮೇಲಿನ ಆರು ಗಂಟೆಗಳ ಹಾರಾಟದ ಕೊನೆಯಲ್ಲಿ, ಲ್ಯಾಂಡಿಂಗ್ ಗೇರ್ ಇಳಿಸಿದ ಮರುಕ್ಷಣ ಕಂಪ್ಯೂಟರನ್ನು ಆಫ್ ಮಾಡಿತು. ಮತ್ತೆ ಅದು ಹೊತ್ತಿಕೊಳ್ಳಲೇ ಇಲ್ಲ, ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಲೆಕ್ಕ ಕಷ್ಟದ್ದಲ್ಲ. ಪ್ರೊಸೆಸರ್‌ಗೆ 65 ವಾಟ್ ಎಂದು ಬರೆದಿದ್ದರೆ ಹೊರೆಯಲ್ಲಿ 80, 90 ಎಂದಿಟ್ಟುಕೊಳ್ಳಿ. ಆರ್‌ಟಿಎಕ್ಸ್ 3060 ಕಾರ್ಡಿಗೆ 170. ಫ್ಯಾನ್, ಡಿಸ್ಕ್, ಬೋರ್ಡ್, ಯುಎಸ್‌ಬಿ ಸಾಧನಗಳಿಗೆಲ್ಲ ಸೇರಿ 60. ಒಟ್ಟು 320ರ ಹತ್ತಿರ ಬರುತ್ತದೆ. ಕಾರ್ಡಿನ ಕ್ಷಣಿಕ ಸೆಳೆತಗಳಿಗೂ ಮುಂದಿನ ಬದಲಾವಣೆಗೂ ಜಾಗ ಬಿಟ್ಟರೆ 550 ವಾಟ್ ನೆಮ್ಮದಿಯ ಅಳತೆ, 230 ವಾಟಿನ ಆರ್‌ಎಕ್ಸ್ 6700 ಎಕ್ಸ್‌ಟಿಗೆ 650. ದಕ್ಷತೆಯಲ್ಲಿ ಕನಿಷ್ಠ 80 ಪ್ಲಸ್ ಬ್ರಾಂಜ್ ದರ್ಜೆ ಹಾಗೂ ಐದು ವರ್ಷಗಳ ವಾರಂಟಿ ಇರುವುದನ್ನು ನೋಡಿ.

ಕ್ಯಾಬಿನೆಟ್ಟಿನ ಮುಂಬದಿ ಜಾಲರಿಯದಾಗಿದ್ದು ಎರಡು ಫ್ಯಾನ್ ಇದ್ದರೆ ಸಾಕು. ಬಣ್ಣದ ದೀಪಗಳಿಗೂ ಗಾಜಿನ ಗೋಡೆಗಳಿಗೂ ಹಣ ಹಾಕಿ ರ್‍ಯಾಮ್ ಕಡಿಮೆ ಮಾಡಿಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. 65 ವಾಟಿನ ಪ್ರೊಸೆಸರ್‌ಗೆ ಪೆಟ್ಟಿಗೆಯೊಳಗೆ ಬರುವ ಕೂಲರ್ ನಡೆಯುತ್ತದೆ. ಎಕ್ಸ್‌3ಡಿ ಪ್ರೊಸೆಸರ್‌ಗಳ ಜೊತೆ ಕೂಲರ್ ಬರುವುದಿಲ್ಲ. ಅವಕ್ಕೆ ಸಾಧಾರಣ ಟವರ್ ಕೂಲರ್ ಒಂದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಏಳನೆಯ ಹೆಜ್ಜೆ: ಜಾಯ್‌ಸ್ಟಿಕ್ ಮತ್ತು ಮಾನಿಟರ್‌ನ ಹಣವನ್ನು ಮೊದಲೇ ಎತ್ತಿಡಿ

ಕಂಪ್ಯೂಟರ್‌ಗೆ ಎಲ್ಲ ಹಣ ಸುರಿದು ಕೀಬೋರ್ಡಿನಲ್ಲಿ ವಿಮಾನ ಹಾರಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಟ್ಟು ಹಣದ ನೂರರಲ್ಲಿ ಹತ್ತರಿಂದ ಹದಿನೈದು ಪಾಲನ್ನು ಕೈಗೆ ಸಿಗುವ ಸಾಧನಗಳಿಗೆ ಮೊದಲೇ ಎತ್ತಿಡಿ. ಹಿಡಿಯನ್ನು ತಿರುಚಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಆಡಿಸಬಹುದಾದ ಜಾಯ್‌ಸ್ಟಿಕ್ ಕೊಂಡರೆ ಪೆಡಲ್ ಸದ್ಯಕ್ಕೆ ಬೇಡ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಆ ಬಗೆಯ ಅಗ್ಗದ ಸಾಧನ, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸ್ವಲ್ಪ ದುಬಾರಿ, ಆದರೆ ಅದರ ಹಿಡಿ ಹಿಂದೆಮುಂದೆ, ಎಡಬಲಕ್ಕೆ ಬಾಗುವ ಚಲನೆಗಳಿಗೆ ಉಜ್ಜಿಕೊಳ್ಳುವ ಪೊಟೆನ್ಶಿಯೊಮೀಟರ್ ಬದಲು ಅಯಸ್ಕಾಂತದ ಹಾಲ್ ಸಂವೇದಕಗಳನ್ನು ಬಳಸುವುದರಿಂದ, ವರ್ಷಗಳು ಕಳೆದರೂ ಮಧ್ಯಬಿಂದುವಿನಲ್ಲಿ ನಡುಕ ಹುಟ್ಟುವ ಸಂಭವ ಕಡಿಮೆ. ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವು ಸಾಮಾನ್ಯ ವೆಬ್‌ಕ್ಯಾಮ್‌ನಿಂದಲೇ ನಿಮ್ಮ ತಲೆಯ ಚಲನೆಯನ್ನು ಗುರುತಿಸಿ ಕಾಕ್‌ಪಿಟ್ಟಿನ ನೋಟವನ್ನು ತಿರುಗಿಸಬಲ್ಲದು. ಖರ್ಚಿಲ್ಲದೆ ಸಿಗುವ ಇಷ್ಟು ದೊಡ್ಡ ಸುಖ ಈ ಹವ್ಯಾಸದಲ್ಲಿ ಬೇರೊಂದಿಲ್ಲ.

ಮಾನಿಟರ್ ಆರಿಸುವಾಗ, ಫ್ರೇಮ್ ವೇಗಕ್ಕೆ ತಕ್ಕಂತೆ ತನ್ನ ವೇಗವನ್ನು ಹೊಂದಿಸಿಕೊಳ್ಳುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಬೆಂಬಲ ಇರಲಿ. ಅಗ್ಗದ ಅನೇಕ ಮಾನಿಟರ್‌ಗಳಲ್ಲಿ ಈ ಹೊಂದಾಣಿಕೆ 48ರಿಂದ 75 ಹರ್ಟ್ಸ್‌ವರೆಗೆ ಮಾತ್ರ. ಸಿಮ್ಯುಲೇಟರ್ 35 ಫ್ರೇಮ್‌ನಲ್ಲಿ ಓಡುತ್ತಿದ್ದರೆ ಅದು ಆ ವ್ಯಾಪ್ತಿಯ ಹೊರಗೇ ಉಳಿಯಿತು. 48ರಿಂದ 144ರವರೆಗಿನ ಮಾನಿಟರ್‌ನಲ್ಲಾದರೆ ಒಂದೊಂದು ಫ್ರೇಮನ್ನೂ ಎರಡೆರಡು ಸಲ ತೋರಿಸಿ 35ನ್ನು 70 ಹರ್ಟ್ಸ್‌ಗೆ ಹೊಂದಿಸಬಹುದು. ನಮಗೆ 144 ಹರ್ಟ್ಸ್ ಬೇಕಾಗಿರುವುದು 144 ಫ್ರೇಮ್‌ಗಳಿಗಾಗಿ ಅಲ್ಲ, ಈ ಕಾರಣಕ್ಕಾಗಿ.

ಬಳಸಿದ ಭಾಗಗಳ ಬಗ್ಗೆ

ಪ್ರೊಸೆಸರ್ ಮತ್ತು ರ್‍ಯಾಮ್ ಬಳಸಿದ್ದಾದರೂ ಸಾಮಾನ್ಯವಾಗಿ ಧೈರ್ಯವಾಗಿ ಕೊಳ್ಳಬಹುದು. ಎಎಂ4 ಪ್ರೊಸೆಸರ್ ಆದರೆ ಪಿನ್ನುಗಳು ಬಾಗಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಇಂಟೆಲ್‌ನ 13, 14ನೆಯ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜಿಗೆ ಸಂಬಂಧಿಸಿದ ಅಸ್ಥಿರತೆ ಕಂಡುಬಂದು 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ತಿದ್ದುಪಡಿಗಳು ಬಂದಿದ್ದವು. ತಿದ್ದುಪಡಿಗೆ ಮೊದಲೇ ಆಗಿಹೋದ ಹಾನಿ ಅದರಿಂದ ಸರಿಹೋಗುವುದಿಲ್ಲವಾದ್ದರಿಂದ, ಬಳಸಿದ ಮಾಲಾಗಿ ಅವನ್ನು ಕೊಳ್ಳದಿರುವುದು ಕ್ಷೇಮ. ಗ್ರಾಫಿಕ್ಸ್ ಕಾರ್ಡನ್ನು ಅರ್ಧ ಗಂಟೆಯಾದರೂ ಪೂರ್ತಿ ಹೊರೆಯಲ್ಲಿ ಓಡಿಸಿ, ಉಷ್ಣತೆಯನ್ನೂ ಫ್ಯಾನಿನ ಸದ್ದನ್ನೂ ಗಮನಿಸದೆ ಹಣ ಕೊಡಬೇಡಿ. ಪವರ್ ಸಪ್ಲೈ ಬಳಸಿದ್ದು ಬೇಡ. ಕಚೇರಿಗಳಿಂದ ಬರುವ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳು ಅಗ್ಗವೆನಿಸುತ್ತವೆ. ಅವುಗಳಲ್ಲಿ ಅನೇಕವು ತಮ್ಮದೇ ಆಕಾರದ ಬೋರ್ಡ್, ತಮ್ಮದೇ ಬಗೆಯ ಕನೆಕ್ಟರ್‌ಗಳನ್ನು ಹೊಂದಿರುವುದರಿಂದ ಪವರ್ ಸಪ್ಲೈ ಬದಲಿಸಲು ಹೋದಾಗ ಕೈಕಟ್ಟಿದಂತಾಗುತ್ತದೆ.

ಕೊನೆಯ ಹೆಜ್ಜೆ: ಜೋಡಿಸಿದ ಮೇಲೆ

ಮೊದಲು ಬಯೋಸ್‌ಗೆ ಹೋಗಿ, ಮೆಮೊರಿ ಕಡ್ಡಿಗಳನ್ನು ಅವುಗಳ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿ. ಇದನ್ನು ಮರೆತರೆ 6000 ಎಂದು ಬರೆದಿರುವ ಡಿಡಿಆರ್5 ಕಡ್ಡಿ 4800ರಲ್ಲಿ, 3600ರ ಡಿಡಿಆರ್4 ಕಡ್ಡಿ ಅದಕ್ಕಿಂತ ಎಷ್ಟೋ ಕಡಿಮೆ ವೇಗದಲ್ಲಿ ಓಡುತ್ತಿರುತ್ತದೆ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪುವಂತೆ ಮಾಡುವ ರೀಸೈಜಬಲ್ ಬಾರ್ ಆನ್ ಇದೆಯೇ ನೋಡಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ದೀರ್ಘ ಹಾರಾಟದಲ್ಲಿ ಗಂಟೆಗಟ್ಟಲೆ ಮುಟ್ಟದ ಜಾಯ್‌ಸ್ಟಿಕ್ ಇಳಿಯುವ ಹೊತ್ತಿಗೆ ಸ್ಪಂದಿಸದಿರಲು ಹಲವು ಸಲ ಇದೇ ಕಾರಣ.

ಆಮೇಲೆ ಒಂದು ಪರೀಕ್ಷಾ ಹಾರಾಟವನ್ನು ನಿಗದಿ ಮಾಡಿಕೊಳ್ಳಿ: ಒಂದೇ ವಿಮಾನ, ಒಂದೇ ದೊಡ್ಡ ನಿಲ್ದಾಣ, ನೀವೇ ಹೊಂದಿಸಿದ ಒಂದೇ ಹವಾಮಾನ, ರನ್‌ವೇಯಿಂದ ಹತ್ತು ಮೈಲಿ ದೂರದ ಒಂದೇ ಜಾಗ. ಅದನ್ನು ಸೇವ್ ಮಾಡಿಟ್ಟು, ಪ್ರತಿ ಸಲವೂ ಅಲ್ಲಿಂದಲೇ ಇಳಿಯಿರಿ. ತಡೆ ಪ್ರೊಸೆಸರ್‌ನದಾದರೆ ಭೂದೃಶ್ಯದ ವಿವರದ ದೂರ, ವಸ್ತುಗಳ ವಿವರ, ಇತರ ವಿಮಾನಗಳ ದಟ್ಟಣೆ, ಕಾಕ್‌ಪಿಟ್ ಪರದೆಗಳ ವೇಗ ಇವುಗಳಲ್ಲಿ ಒಂದನ್ನು ಇಳಿಸಿ. ಕಾರ್ಡಿನದಾದರೆ ಮೋಡ, ನೆರಳು, ರೆಸಲ್ಯೂಷನ್‌ಗಳಲ್ಲಿ ಒಂದನ್ನು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸರಾಸರಿ ಫ್ರೇಮ್‌ಗಳ ಬದಲು ಕೊನೆಯ ಎರಡು ಮೈಲಿಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಕಾಗದದಲ್ಲಿ ಬರೆದಿಡಿ. ಆ ಅಂಕಿ 30ಕ್ಕಿಂತ ಕೆಳಗಿಳಿಯದ ಮಟ್ಟ ಸಿಕ್ಕಿದ ಮೇಲೆ ಫ್ರೇಮ್ ಮಿತಿಯನ್ನು 30ಕ್ಕೇ ಕಟ್ಟಿಹಾಕಿ ಮತ್ತೊಮ್ಮೆ ಇಳಿದು ನೋಡಿ. 50 ಅಡಿಯಲ್ಲಿ ಜಾಯ್‌ಸ್ಟಿಕ್ ಎಳೆದಾಗ ಮೂತಿ ಕೈಯ ಜೊತೆಯಲ್ಲೇ ಏಳಬೇಕು.